ಯಾರ ದೇಹ, ಯಾರಿಗೆ ಚಿಕಿತ್ಸೆ? : ಟೆಸ್ ಗೆರಿಟ್ಸನ್ ಅವರ ವೈದ್ಯಕೀಯ ಕಾದಂಬರಿಗಳು

1

ರೋಗಿಯು ವೈದ್ಯರ ಮುಂದೆ ತನ್ನ ದೇಹವನ್ನು ಒಪ್ಪಿಸುವ ಗಳಿಗೆ ಮನುಷ್ಯ ಸಂಬಂಧಗಳಲ್ಲಿಯೇ ವಿಶಿಷ್ಟವಾದುದು. ಅರಿವಳಿಕೆಗೆ ಒಳಗಾಗುವ ವ್ಯಕ್ತಿ ತನ್ನ ಎಚ್ಚರವನ್ನೂ ಪ್ರತಿರೋಧವನ್ನೂ ಬಿಟ್ಟುಕೊಟ್ಟು, ಬಹುಮಟ್ಟಿಗೆ ಅಪರಿಚಿತರಾದವರ ಕೈಯ ಚೂರಿಗೆ ಮೈಯೊಡ್ಡುತ್ತಾನೆ. ಬೇರೆ ಸಂದರ್ಭದಲ್ಲಿ ಘೋರ ಅಪರಾಧವೆನಿಸುವ ಕ್ರಿಯೆ ಇಲ್ಲಿ ಚಿಕಿತ್ಸೆಯಾಗುವುದು ನಂಬಿಕೆಯೊಂದರ ಬಲದಿಂದ. ಈ ನಂಬಿಕೆ ಮುರಿದರೆ ಏನಾಗುತ್ತದೆ ಎಂಬ ಪ್ರಶ್ನೆಯೇ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಬೆಳೆದ ವೈದ್ಯಕೀಯ ರೋಮಾಂಚಕ ಕಾದಂಬರಿಯ ಬೀಜ. ವೃತ್ತಿಯಿಂದ ವೈದ್ಯರಾಗಿದ್ದ ರಾಬಿನ್ ಕುಕ್ ಅವರ 'ಕೋಮಾ' (1977) ಈ ಪ್ರಕಾರವನ್ನು ಜನಪ್ರಿಯಗೊಳಿಸಿತು. ಎರಡು ದಶಕಗಳ ಅನಂತರ ಅದೇ ಹಾದಿಯಲ್ಲಿ ಬಂದು, ಅದಕ್ಕೆ ತನ್ನದೇ ಆದ ತಿರುವು ಕೊಟ್ಟ ಲೇಖಕಿ ಟೆಸ್ ಗೆರಿಟ್ಸನ್.

ಜನಪ್ರಿಯ ಸಾಹಿತ್ಯವನ್ನು ಕುರಿತು ವಿಮರ್ಶೆ ಸಾಮಾನ್ಯವಾಗಿ ಎರಡು ನಿಲುವುಗಳನ್ನು ತಾಳುತ್ತದೆ. ಒಂದು, ಅದನ್ನು ಗಮನಕ್ಕೆ ಅರ್ಹವಲ್ಲವೆಂದು ಬದಿಗೆ ಸರಿಸುವುದು; ಇನ್ನೊಂದು, ಸಮಾಜಶಾಸ್ತ್ರೀಯ ದಾಖಲೆಯೆಂದು ಮಾತ್ರ ಪರಿಗಣಿಸುವುದು. ಈ ಎರಡರಲ್ಲಿಯೂ ಕೃತಿಗಳ ಒಳಗಿನ ತರ್ಕವನ್ನು ಹಿಂಬಾಲಿಸುವ ಸಹನೆ ಕಡಿಮೆ. ಗೆರಿಟ್ಸನ್ ಅವರ ಕೃತಿಗಳನ್ನು ಅವುಗಳ ರಚನೆಯ ಕ್ರಮದಲ್ಲಿ ಓದಿದರೆ ಕೊಲೆ, ಶವ, ಶಸ್ತ್ರಕ್ರಿಯೆಗಳ ಸಂದಣಿಯ ನಡುವೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ಯಾರ ದೇಹದ ಬೆಲೆಯಲ್ಲಿ ಯಾರು ಗುಣಮುಖರಾಗುತ್ತಾರೆ? ಈ ಪ್ರಶ್ನೆಯನ್ನು ಲೇಖಕಿ ಎಲ್ಲಿ ಧೈರ್ಯದಿಂದ ಎದುರಿಸಿದ್ದಾರೆ, ಎಲ್ಲಿ ಪ್ರಕಾರದ ಒತ್ತಡಕ್ಕೆ ಮಣಿದು ಅದರಿಂದ ನುಣುಚಿಕೊಂಡಿದ್ದಾರೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಟೆಸ್ ಗೆರಿಟ್ಸನ್ ಹುಟ್ಟಿದ್ದು 1953ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ನಗರದಲ್ಲಿ. ತಾಯಿ ಚೀನಾದಿಂದ ವಲಸೆ ಬಂದವರು. ತಂದೆ ಚೀನೀ ಮೂಲದ ಅಮೆರಿಕನ್ನರು, ವೃತ್ತಿಯಿಂದ ಬಾಣಸಿಗರು. ತಾಯಿಗೆ ಅಮೆರಿಕದ ಭಯಾನಕ ಚಲನಚಿತ್ರಗಳೆಂದರೆ ಬಲು ಪ್ರೀತಿ. ಮಗಳು ಆ ಚಿತ್ರಗಳನ್ನು ನೋಡುತ್ತಲೇ ಬೆಳೆದರು. ಬಾಲ್ಯದಲ್ಲಿಯೇ ಲೇಖಕಿಯಾಗುವ ಹಂಬಲವಿದ್ದರೂ, ಬರೆಹದಿಂದ ಹೊಟ್ಟೆ ತುಂಬುವುದಿಲ್ಲವೆಂಬ ತಂದೆಯ ಎಚ್ಚರಿಕೆಯ ಮಾತು ತಮ್ಮನ್ನು ವಿಜ್ಞಾನದ ಕಡೆಗೆ ತಿರುಗಿಸಿತೆಂದು ಅವರು ಹೇಳಿಕೊಂಡಿದ್ದಾರೆ. ವಲಸೆಗಾರ ಕುಟುಂಬಗಳಲ್ಲಿ ಮಕ್ಕಳ ಶಿಕ್ಷಣವೆಂದರೆ ಮೊದಲು ಭದ್ರತೆಯ ಪ್ರಶ್ನೆ ಎಂಬುದನ್ನು ಇಲ್ಲಿ ನೆನೆಯಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರವನ್ನು ಓದಿದ ಅವರು, 1979ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದು ಹವಾಯಿಯ ಹೊನೊಲುಲುವಿನಲ್ಲಿ ವೃತ್ತಿ ನಡೆಸಿದರು. ಸಂಸ್ಕೃತಿಯೊಂದನ್ನು ಹೊರಗಿನಿಂದ ನೋಡುವ ಮಾನವಶಾಸ್ತ್ರದ ಶಿಸ್ತೂ ದೇಹವನ್ನು ಒಳಗಿನಿಂದ ನೋಡುವ ವೈದ್ಯದ ಶಿಸ್ತೂ ಮುಂದೆ ಅವರ ಬರೆಹದ ಎರಡು ಕಣ್ಣುಗಳಾದವು.

ಹೆರಿಗೆ ರಜೆಯ ಬಿಡುವಿನಲ್ಲಿ ಅವರು ಮತ್ತೆ ಲೇಖನಿ ಹಿಡಿದರು. ಹೊನೊಲುಲುವಿನ ನಿಯತಕಾಲಿಕವೊಂದರ ಕಥಾಸ್ಪರ್ಧೆಯಲ್ಲಿ ಅವರ ಕಥೆಗೆ ಮೊದಲ ಬಹುಮಾನ ಬಂದಿತು. 1987ರಲ್ಲಿ ಮೊದಲ ಕಾದಂಬರಿ 'ಕಾಲ್ ಆಫ್ಟರ್ ಮಿಡ್‌ನೈಟ್' ಪ್ರಕಟವಾಯಿತು. ಪ್ರಣಯ ಮತ್ತು ರಹಸ್ಯವನ್ನು ಬೆರೆಸಿದ ಇಂತಹ ಇನ್ನಷ್ಟು ಕಾದಂಬರಿಗಳನ್ನು ಅವರು ನಂತರದ ವರ್ಷಗಳಲ್ಲಿ ಬರೆದರು. ಪುಟಮಿತಿ, ಕಾಲಮಿತಿ, ಸುಖಾಂತ್ಯದ ನಿಯಮಗಳಿಗೆ ಬದ್ಧವಾದ ಈ ಬರೆಹ ಸಾಹಿತ್ಯಿಕವಾಗಿ ಮಹತ್ವದ್ದಲ್ಲದಿದ್ದರೂ ಕಥನದ ಕಸುಬನ್ನು ಕಲಿಸಿದ ಗರಡಿಯಾಯಿತು. 1990ರಲ್ಲಿ ಕುಟುಂಬ ಮೇನ್ ರಾಜ್ಯಕ್ಕೆ ಬಂದು ನೆಲೆಸಿತು.

ಲೇಖಕಿಯ ಹೆಸರನ್ನು ಕುರಿತ ಒಂದು ಸಂಗತಿ ಇಲ್ಲಿ ಗಮನಾರ್ಹ. ಹುಟ್ಟುಹೆಸರು ಟೆರ್ರಿ, ಪ್ರಣಯ ಕಾದಂಬರಿಗಳಿಗಾಗಿ ಅದು ಟೆಸ್ ಆಯಿತು. ಗೆರಿಟ್ಸನ್ ಎಂಬುದು ಪತಿಯ ಮನೆತನದ ಹೆಸರು. ಪುಸ್ತಕದ ಹೊದಿಕೆಯ ಮೇಲಿನ ಈ ಹೆಸರಿನಲ್ಲಿ ಚೀನೀ ಮೂಲದ ಗುರುತು ಎಲ್ಲಿಯೂ ಇಲ್ಲ. ದೀರ್ಘಕಾಲ ಅವರ ಪ್ರಧಾನ ಪಾತ್ರಗಳಲ್ಲಿಯೂ ಆ ಗುರುತು ಕಾಣಿಸಲಿಲ್ಲ. ದೇಹಗಳ ಕುರಿತು ಇಷ್ಟೊಂದು ನಿಷ್ಠುರವಾಗಿ ಬರೆದ ಲೇಖಕಿಯ ಕಥನದಿಂದ ತನ್ನದೇ ಜನಾಂಗದ ಮುಖಗಳು ಅಷ್ಟು ಕಾಲ ದೂರ ಉಳಿದದ್ದು ಅವರ ಸಾಹಿತ್ಯ ಜೀವನದ ಒಂದು ಮುಖ್ಯ ಮೌನವಾಗಿದೆ.

3

1996ರಲ್ಲಿ ಪ್ರಕಟವಾದ 'ಹಾರ್ವೆಸ್ಟ್' ಗೆರಿಟ್ಸನ್ ಅವರ ಮೊದಲ ವೈದ್ಯಕೀಯ ಕಾದಂಬರಿ. ನ್ಯೂಯಾರ್ಕ್ ಟೈಮ್ಸ್‌ನ ಜನಪ್ರಿಯ ಪುಸ್ತಕಗಳ ಪಟ್ಟಿಯಲ್ಲಿ ಸ್ಥಾನ ಪಡೆದ ಅವರ ಮೊದಲ ಕೃತಿಯೂ ಹೌದು. ಕೊಯ್ಲು ಎಂಬ ಅರ್ಥದ ಈ ಶೀರ್ಷಿಕೆ ಅಂಗಾಂಗ ಕಸಿಯ ಪರಿಭಾಷೆಯಿಂದ ಬಂದದ್ದು; ದಾನಿಯ ದೇಹದಿಂದ ಅಂಗವನ್ನು ತೆಗೆಯುವುದಕ್ಕೆ ಆಸ್ಪತ್ರೆಯ ಮಂದಿ ಬಳಸುತ್ತಿದ್ದ ಮಾತು ಅದು. ಬೆಳೆಗೆ ಸಲ್ಲುವ ಪದವನ್ನು ಮನುಷ್ಯನಿಗೆ ಅನ್ವಯಿಸುವುದರಲ್ಲಿರುವ ಕ್ರೌರ್ಯವನ್ನು ಕಾದಂಬರಿ ಹೆಸರಿನಲ್ಲಿಯೇ ಹಿಡಿದಿದೆ.

ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರವೈದ್ಯದ ತರಬೇತಿಯಲ್ಲಿರುವ ಅಬಿ ಡಿಮ್ಯಾಟಿಯೊ ಕಥಾನಾಯಕಿ. ಹೃದಯವೊಂದು ದೊರೆತಾಗ ಅದು ಹದಿನೇಳರ ಹುಡುಗನೊಬ್ಬನಿಗೆ ಸಲ್ಲಬೇಕೋ, ಸಿರಿವಂತನ ಹೆಂಡತಿಗೆ ಸಲ್ಲಬೇಕೋ ಎಂಬ ಪ್ರಶ್ನೆ ಏಳುತ್ತದೆ. ಅಬಿ ಮತ್ತು ಅವಳ ಹಿರಿಯ ಸಹೋದ್ಯೋಗಿ ಹುಡುಗನ ಪರ ನಿಲ್ಲುತ್ತಾರೆ. ಆದರೆ ಸ್ವಲ್ಪ ಸಮಯದಲ್ಲಿಯೇ ಸಿರಿವಂತನ ಹೆಂಡತಿಗೂ ಮತ್ತೊಂದು ಹೃದಯ ದೊರೆಯುತ್ತದೆ. ಅದರ ದಾಖಲೆಗಳು ಸರಿಯಿರುವುದಿಲ್ಲ. ಇದಕ್ಕೆ ಸಮಾನಾಂತರವಾಗಿ, ಅಮೆರಿಕದಲ್ಲಿ ದತ್ತು ತಂದೆತಾಯಿಗಳು ಕಾದಿದ್ದಾರೆಂದು ನಂಬಿ ಹಡಗಿನಲ್ಲಿ ಪಯಣಿಸುವ ರಷ್ಯಾದ ಅನಾಥ ಮಕ್ಕಳ ಕಥೆ ಸಾಗುತ್ತದೆ. ಎರಡು ಕಥೆಗಳು ಎಲ್ಲಿ ಕೂಡುತ್ತವೆಂಬುದು ಓದುಗನಿಗೆ ಅಬಿಗಿಂತ ಮೊದಲೇ ತಿಳಿಯುತ್ತದೆ. ಕಾದಂಬರಿಯ ಭಯ ಹುಟ್ಟುವುದು ರಹಸ್ಯದಿಂದಲ್ಲ, ಈ ಮುಂದರಿವಿನಿಂದ. ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಭಯಾನಕವು ಕರುಣದ ಬೆನ್ನೇರಿ ಬರುತ್ತದೆ.

ಕಾದಂಬರಿಯ ನಿಜವಾದ ಶಕ್ತಿ ವೈದ್ಯಕೀಯ ವಾಸ್ತವವನ್ನು ಕಥೆಯ ತರ್ಕವಾಗಿಸಿದ ಬಗೆಯಲ್ಲಿದೆ. ದೇಹದಿಂದ ಹೊರತೆಗೆದ ಹೃದಯವನ್ನು ತಣ್ಣಗಿಟ್ಟರೂ ಸುಮಾರು ನಾಲ್ಕು ಗಂಟೆಗಳೊಳಗೆ ಕಸಿ ಮಾಡಬೇಕು. ರಕ್ತದ ಗುಂಪು ಹೊಂದಬೇಕು. ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು, ದಾದಿಯರ ಇಡೀ ತಂಡವೇ ಸಜ್ಜಾಗಿರಬೇಕು. ಹಾಗಾಗಿ ಕದ್ದ ಹೃದಯವನ್ನು ಒಬ್ಬ ದುಷ್ಟ ವೈದ್ಯ ಗುಟ್ಟಾಗಿ ಕಸಿ ಮಾಡಲಾರ. ಈ ತೊಡಕನ್ನು ಸಾಮಾನ್ಯ ಲೇಖಕರು ಕಡೆಗಣಿಸುತ್ತಿದ್ದರು. ಗೆರಿಟ್ಸನ್ ಅದನ್ನೇ ಆಧಾರವಾಗಿಸಿಕೊಂಡು, ಅಪರಾಧವನ್ನು ತಂಡದ ಪಾಲುದಾರಿಕೆಯನ್ನಾಗಿ ಕಲ್ಪಿಸುತ್ತಾರೆ. ತರಬೇತಿಯ ದಣಿವು, ಹಿರಿಯರ ಮೆಚ್ಚುಗೆಗಾಗಿ ಹಾತೊರೆತ, ವೃತ್ತಿಬಂಧುತ್ವ ಇವೆಲ್ಲ ಸೇರಿ ಒಳ್ಳೆಯವರನ್ನೂ ಮೌನಿಗಳನ್ನಾಗಿಸುವ ಕ್ರಮವನ್ನು ಒಳಗಿನವರಷ್ಟೇ ಬರೆಯಬಲ್ಲ ಖಚಿತತೆಯಿಂದ ಅವರು ಚಿತ್ರಿಸಿದ್ದಾರೆ.

ಆದರೆ ಕೃತಿಯ ಮಿತಿಯೂ ಇಲ್ಲಿಯೇ ಇದೆ. ರಷ್ಯಾದಲ್ಲಿ ಮಕ್ಕಳು ಕಾಣೆಯಾಗುತ್ತಿದ್ದಾರೆಂದು ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ಊಟದ ಸಮಯದಲ್ಲಿ ಹೇಳಿದ ಮಾತಿನಿಂದ ಈ ಕಾದಂಬರಿಯ ಕಲ್ಪನೆ ಮೊಳೆಯಿತೆಂದು ಲೇಖಕಿ ಹೇಳಿದ್ದಾರೆ. ಅಂಗಾಂಗಗಳಿಗಾಗಿ ಮಕ್ಕಳನ್ನು ಕದಿಯುತ್ತಾರೆಂಬ ವದಂತಿ ಆ ಕಾಲದಲ್ಲಿ ಹಲವು ದೇಶಗಳಲ್ಲಿ ಹಬ್ಬಿತ್ತು. 1994ರಲ್ಲಿ ಗ್ವಾಟೆಮಾಲಾದಲ್ಲಿ ಇಂತಹ ವದಂತಿಯಿಂದ ಕೆರಳಿದ ಗುಂಪು ಅಮೆರಿಕದ ಪ್ರವಾಸಿ ಮಹಿಳೆಯೊಬ್ಬರನ್ನು ಮಾರಣಾಂತಿಕವಾಗಿ ಥಳಿಸಿತು. ಅದೇ ವರ್ಷ ಅಮೆರಿಕದ ಮಾಹಿತಿ ಸಂಸ್ಥೆ ಈ ವದಂತಿಗೆ ನಂಬಲರ್ಹ ಆಧಾರವಿಲ್ಲವೆಂದು ವರದಿ ಪ್ರಕಟಿಸಿತು. ವಾಸ್ತವದಲ್ಲಿ ಬಡವರ ದೇಹದ ಶೋಷಣೆ ಅಪಹರಣಕ್ಕಿಂತ ಹೆಚ್ಚಾಗಿ ಒಪ್ಪಂದದ ರೂಪದಲ್ಲಿ ನಡೆಯುತ್ತದೆ. ಸಾಲದ ಹೊರೆಯಲ್ಲಿರುವವರು ಮೂತ್ರಪಿಂಡವನ್ನು ಮಾರುವ ದಂಧೆಯನ್ನು ತಡೆಯಲು ಭಾರತ 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆಯನ್ನೇ ತರಬೇಕಾಯಿತು. ಕೊಟ್ಟವನೂ ಸಹಿ ಹಾಕಿದ, ಪಡೆದವನೂ ಕಣ್ಣೀರಿಟ್ಟ, ಮಧ್ಯವರ್ತಿಯಷ್ಟೇ ಲಾಭ ಪಡೆದ ಆ ಲೋಕದಲ್ಲಿ ಖಳನನ್ನು ಗುರುತಿಸುವುದು ಕಷ್ಟ. 'ಹಾರ್ವೆಸ್ಟ್' ಈ ಕಷ್ಟವನ್ನು ತಪ್ಪಿಸಿಕೊಂಡು ಅಪಹರಣದ ಕಥೆಯನ್ನು ಆಯ್ದುಕೊಂಡಿದೆ. ಖಳರು ಸಿಕ್ಕಿಬಿದ್ದೊಡನೆ ಓದುಗ ನಿರಾಳನಾಗುತ್ತಾನೆ. ಆದರೆ ಹೃದಯಕ್ಕಾಗಿ ಕಾಯುವವರ ಸರದಿಯಲ್ಲಿ ಹಣಕ್ಕೆ ಇರುವ ಸ್ಥಾನವೇನೆಂಬ ಮೊದಲ ಪ್ರಶ್ನೆ ಉತ್ತರವಿಲ್ಲದೆ ಉಳಿಯುತ್ತದೆ.

4

ಅನಂತರದ ಮೂರು ಕಾದಂಬರಿಗಳಲ್ಲಿ ಭಯದ ಮೂಲ ಶಸ್ತ್ರಾಗಾರದಿಂದ ಜೀವಕೋಶದ ಕಡೆಗೆ ಸರಿಯುತ್ತದೆ. 'ಲೈಫ್ ಸಪೋರ್ಟ್' (1997) ಕೃತಿಯಲ್ಲಿ ತುರ್ತು ಚಿಕಿತ್ಸಾ ವಿಭಾಗದ ವೈದ್ಯೆ ಟೋಬಿ ಹಾರ್ಪರ್ ಮುಂದೆ ಬುದ್ಧಿಭ್ರಮಣೆಗೊಂಡ ವೃದ್ಧನೊಬ್ಬ ಬರುತ್ತಾನೆ. ಶ್ರೀಮಂತ ವೃದ್ಧರು ವಾಸಿಸುವ ವಸತಿ ಸಮುಚ್ಚಯವೊಂದರ ಯೌವನದ ಹಂಬಲಕ್ಕೂ ಬೀದಿಪಾಲಾದ ಬಸಿರಿ ಹುಡುಗಿಯೊಬ್ಬಳ ಗರ್ಭಕ್ಕೂ ಇರುವ ಸಂಬಂಧ ಕ್ರಮೇಣ ಬಯಲಾಗುತ್ತದೆ. ಮಿದುಳನ್ನು ಜರಡಿಯಂತೆ ತೂತಾಗಿಸುವ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಕಾಯಿಲೆ ಇದರ ಕೇಂದ್ರದಲ್ಲಿದೆ. ಶವಗಳ ಪಿಟ್ಯುಟರಿ ಗ್ರಂಥಿಯಿಂದ ತೆಗೆದ ಬೆಳವಣಿಗೆಯ ಹಾರ್ಮೋನು ಪಡೆದ ಕೆಲವರಿಗೆ ಈ ಕಾಯಿಲೆ ತಗುಲಿದ್ದು ತಿಳಿದು 1985ರಲ್ಲಿ ಅಮೆರಿಕದಲ್ಲಿ ಅದರ ಬಳಕೆ ನಿಂತಿತ್ತು. ಇಂತಹ ಕಾಯಿಲೆಗಳಿಗೆ ಕಾರಣವಾದ ಪ್ರಿಯಾನ್ ಎಂಬ ಪ್ರೋಟೀನನ್ನು ಗುರುತಿಸಿದ ಸ್ಟ್ಯಾನ್ಲಿ ಪ್ರುಸಿನರ್ ಅವರಿಗೆ ನೊಬೆಲ್ ಪ್ರಶಸ್ತಿ ಸಂದದ್ದು ಕಾದಂಬರಿ ಪ್ರಕಟವಾದ ವರ್ಷವೇ. ಇನ್ನೊಬ್ಬರ ದೇಹದಿಂದ ತನ್ನ ಆಯುಷ್ಯವನ್ನು ಬೆಳೆಸಿಕೊಳ್ಳಹೊರಟವರಿಗೆ ಅದೇ ದೇಹ ಮರಣವನ್ನು ತರುತ್ತದೆ ಎಂಬ ವ್ಯಂಗ್ಯ ಇಲ್ಲಿದೆ. ಟೋಬಿಯ ತಾಯಿ ಸ್ವತಃ ಮರೆವಿನ ಕಾಯಿಲೆಯಿಂದ ಬಳಲುವವಳು. ಹಗಲು ರಾತ್ರಿ ದುಡಿಯುವ ಮಗಳಿಗೆ ಮನೆಯಲ್ಲಿಯೂ ರೋಗಿಯಿದ್ದಾಳೆ ಎಂಬ ವಿವರ ಕಥೆಗೆ ಗೃಹಕೃತ್ಯದ ತೂಕ ನೀಡಿದೆ. ಹೆಣ್ಣು ವೈದ್ಯೆಯ ಇಮ್ಮಡಿ ದುಡಿಮೆಯನ್ನು ಘೋಷಣೆಯಿಲ್ಲದೆ ಹೇಳಿದ ಪುಟಗಳಿವು.

'ಬ್ಲಡ್‌ಸ್ಟ್ರೀಮ್' (1998) ಮೇನ್ ರಾಜ್ಯದ ಸಣ್ಣ ಊರೊಂದರ ಹದಿಹರೆಯದವರಲ್ಲಿ ಒಮ್ಮೆಲೇ ಕಾಣಿಸಿಕೊಳ್ಳುವ ಹಿಂಸೆಯನ್ನು ವಸ್ತುವಾಗುಳ್ಳದ್ದು. ಊರಿಗೆ ಹೊಸದಾಗಿ ಬಂದ ವಿಧವೆ ವೈದ್ಯೆ ಅದಕ್ಕೆ ದೈಹಿಕ ಕಾರಣವನ್ನು ಹುಡುಕಿದರೆ, ಊರಿನವರು ಹೊರಗಿನವಳ ಮೇಲೆಯೇ ಸಂಶಯಪಡುತ್ತಾರೆ. 'ಗ್ರಾವಿಟಿ' (1999) ಕೃತಿಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಆಳಗಡಲಿನ ಏಕಕೋಶ ಜೀವಿಯೊಂದು ಅನಿಯಂತ್ರಿತವಾಗಿ ಬೆಳೆದು ಗಗನಯಾತ್ರಿಗಳನ್ನು ಬಲಿ ತೆಗೆದುಕೊಳ್ಳುತ್ತದೆ. ಆ ನಿಲ್ದಾಣಕ್ಕೆ ಮೊದಲ ವಾಸಿಗಳು ಹೋದದ್ದು 2000ದಲ್ಲಿ. ಅಂದರೆ ಕಾದಂಬರಿ ವಾಸ್ತವಕ್ಕಿಂತ ಮುಂದೆ ನಿಂತು ಬರೆದದ್ದು. ಇಲ್ಲಿಯ ಮುಖ್ಯ ಸಂಗತಿ ಸೋಂಕು ಮಾತ್ರವಲ್ಲ. ವೈದ್ಯೆಯಾದ ಗಗನಯಾತ್ರಿ ಎಮ್ಮಾ ವ್ಯಾಟ್ಸನ್ ಅವಳನ್ನು ಭೂಮಿಗೆ ಮರಳಿ ತರಬಾರದೆಂದು ಅಧಿಕಾರಸ್ಥರು ನಿರ್ಧರಿಸುತ್ತಾರೆ. ಸೋಂಕಿತ ದೇಹ ನಾಗರಿಕಳಾಗಿ ಉಳಿಯುವುದಿಲ್ಲ, ಅಪಾಯವಾಗಿ ಬದಲಾಗುತ್ತದೆ. 2020ರ ಜಾಗತಿಕ ಸೋಂಕಿನ ಅನುಭವದ ನಂತರ ಈ ಭಾಗಗಳನ್ನು ಓದುವವರಿಗೆ ಅವು ಕೇವಲ ರೋಮಾಂಚನವಾಗಿ ಉಳಿಯುವುದು ಸಾಧ್ಯವಿಲ್ಲ.

5

2001ರ 'ದ ಸರ್ಜನ್' ಗೆರಿಟ್ಸನ್ ಅವರ ಬರೆಹದಲ್ಲಿ ದೊಡ್ಡ ತಿರುವು. ಅತ್ಯಾಚಾರಕ್ಕೆ ಒಳಗಾಗಿ ಬದುಕುಳಿದ ಹೆಂಗಸರನ್ನು ಹುಡುಕಿ ಕೊಲ್ಲುವ, ಶಸ್ತ್ರವೈದ್ಯನ ನೈಪುಣ್ಯದಿಂದ ಅವರ ಗರ್ಭಕೋಶವನ್ನು ತೆಗೆಯುವ ಕೊಲೆಗಾರನ ಕಥೆಯಿದು. ಗುಟ್ಟಾಗಿ ಇರಬೇಕಾದ ನೋವಿನ ವಿವರಗಳು ವೈದ್ಯಕೀಯ ಪರೀಕ್ಷೆಯ ದಾರಿಯಲ್ಲಿಯೇ ಅವನಿಗೆ ದೊರೆಯುತ್ತವೆ. ಆಸ್ಪತ್ರೆಯ ಮೇಲಿನ ನಂಬಿಕೆಯ ಭಂಗವೆಂಬ ಹಳೆಯ ವಸ್ತು ಇಲ್ಲಿ ಇನ್ನಷ್ಟು ಸೂಕ್ಷ್ಮವಾಗಿದೆ. ಬಾಸ್ಟನ್ ಪೊಲೀಸ್ ಪಡೆಯ ಕೊಲೆ ತನಿಖಾ ವಿಭಾಗದಲ್ಲಿರುವ ಏಕೈಕ ಮಹಿಳೆ ಜೇನ್ ರಿಝೋಲಿ ಈ ಕೃತಿಯಲ್ಲಿ ಗೌಣ ಪಾತ್ರವಾಗಿ ಹುಟ್ಟಿದವಳು. ಅವಳನ್ನು ಕೊನೆಗೆ ಸಾಯಿಸುವ ಉದ್ದೇಶ ಲೇಖಕಿಗೆ ಇತ್ತು. ಸೌಂದರ್ಯವಾಗಲಿ ಸೌಜನ್ಯವಾಗಲಿ ಇಲ್ಲದ, ಗಂಡಸರ ನಡುವೆ ತನ್ನ ಜಾಗಕ್ಕಾಗಿ ಹಲ್ಲು ಕಚ್ಚಿ ಹೋರಾಡುವ ಆ ಹೆಣ್ಣು ಲೇಖಕಿಯ ಯೋಜನೆಯನ್ನು ಮೀರಿ ಬದುಕಿಕೊಂಡಳು. 'ದ ಅಪ್ರೆಂಟಿಸ್' (2002) ಕೃತಿಯಲ್ಲಿ ಶವಪರೀಕ್ಷಾ ತಜ್ಞೆ ಮೌರಾ ಐಲ್ಸ್ ಅವಳ ಜೊತೆಗೂಡಿದಳು.

ಈ ಜೋಡಿಯಿಂದ ಒಂದು ಸರಣಿಯೇ ಬೆಳೆಯಿತು. ಅದನ್ನು ಆಧರಿಸಿದ 'ರಿಝೋಲಿ ಅಂಡ್ ಐಲ್ಸ್' ದೂರದರ್ಶನ ಧಾರಾವಾಹಿ 2010ರಿಂದ 2016ರವರೆಗೆ ಏಳು ಋತುಗಳಲ್ಲಿ ಪ್ರಸಾರವಾಯಿತು. ತೆರೆಯ ಮೇಲಿನ ರಿಝೋಲಿ ಚೆಲುವೆಯಾದಳು. ಪುಸ್ತಕದ ಕಹಿ ಕರಗಿ ಗೆಳತಿಯರ ಸರಸವಾಯಿತು. ಆದರೆ ಇದಕ್ಕಿಂತ ಮಹತ್ವದ ಬದಲಾವಣೆ ಪುಸ್ತಕಗಳಲ್ಲಿಯೇ ಆಗಿತ್ತು. ಮೊದಲ ಕಾದಂಬರಿಗಳ ವೈದ್ಯೆಯರು ಜೀವಂತ ರೋಗಿಯ ಮುಂದೆ ನಿಂತವರು. ಅವರ ತಪ್ಪಿನಿಂದ ಯಾರಾದರೂ ಸಾಯಬಹುದಾಗಿತ್ತು. ಮೌರಾ ಐಲ್ಸ್ ಮುಂದಿರುವ ದೇಹ ಆಗಲೇ ಸತ್ತಿದೆ. ಅದು ನೋಯುವುದಿಲ್ಲ, ಸಾಕ್ಷ್ಯ ಮಾತ್ರ ಹೇಳುತ್ತದೆ. ಹೀಗೆ ದೇಹವು ಚಿಕಿತ್ಸೆಯ ವಿಷಯದಿಂದ ತನಿಖೆಯ ವಸ್ತುವಾದಾಗ ಕಥೆಗೆ ವೇಗ ಬಂತು, ನೈತಿಕ ಒತ್ತಡ ತಗ್ಗಿತು. ಕರುಣದ ಸ್ಥಾನವನ್ನು ಹಲವೆಡೆ ಬೀಭತ್ಸ ಆಕ್ರಮಿಸಿತು.

ಲೇಖಕಿಗೂ ಈ ಅಪಾಯದ ಅರಿವಿದ್ದಂತೆ ಕಾಣುತ್ತದೆ. 'ವ್ಯಾನಿಶ್' (2005) ಆರಂಭವಾಗುವುದೇ ಶವಾಗಾರದ ಚೀಲದಲ್ಲಿದ್ದ ಹೆಂಗಸೊಬ್ಬಳು ಕಣ್ಣು ತೆರೆಯುವ ದೃಶ್ಯದಿಂದ. ಸತ್ತವಳೆಂದು ದಾಖಲಾದವಳು ಬದುಕಿದ್ದಾಳೆ. ಈ ಆಘಾತಕ್ಕೂ, ಕೃತಿಯ ಇನ್ನೊಂದು ಎಳೆಯಾದ ರಷ್ಯಾದಿಂದ ಸಾಗಿಸಿ ತಂದ ಹುಡುಗಿಯರ ದಾಸ್ಯದ ಕಥೆಗೂ ಒಳಗಿನ ನಂಟಿದೆ. ಯಾರ ಲೆಕ್ಕಕ್ಕೂ ಇಲ್ಲದ ಹೆಣ್ಣುಗಳು ಬದುಕಿದ್ದಾಗಲೂ ಸತ್ತವರೆಂದೇ ಪರಿಗಣಿತರು ಎಂಬ ಮಾತನ್ನು ಆ ದೃಶ್ಯ ವಾಚ್ಯವಾಗಿಸದೆ ಧ್ವನಿಸುತ್ತದೆ. ಸರಣಿಯ ಅತ್ಯುತ್ತಮ ಕೃತಿ ಇದೆಂದರೆ ತಪ್ಪಾಗಲಾರದು.

6

ಗೆರಿಟ್ಸನ್ ಅವರ ಒಟ್ಟು ಸಾಧನೆಯನ್ನು ಅಳೆಯಲು 'ದ ಬೋನ್ ಗಾರ್ಡನ್' (2007) ಕೃತಿಯೇ ತಕ್ಕ ಮಾನದಂಡ. ಮನೆಯ ತೋಟವನ್ನು ಅಗೆಯುತ್ತಿದ್ದ ಹೆಂಗಸೊಬ್ಬಳಿಗೆ ಹಳೆಯ ಎಲುಬುಗಳು ಸಿಗುತ್ತವೆ. ಕಥೆ 1830ರ ಬಾಸ್ಟನ್ನಿಗೆ ಹೋಗುತ್ತದೆ. ಐರಿಷ್ ವಲಸೆಗಾರ್ತಿ, ಹೊಲಿಗೆಯ ಹುಡುಗಿ ರೋಸ್ ಕೊನೊಲಿಯ ಅಕ್ಕ ಆಸ್ಪತ್ರೆಯಲ್ಲಿ ಹೆತ್ತು, ಬಾಣಂತಿ ಜ್ವರದಿಂದ ಸಾಯುತ್ತಾಳೆ. ರೈತನ ಮಗನಾದ ಬಡ ವೈದ್ಯ ವಿದ್ಯಾರ್ಥಿ ನಾರಿಸ್ ಮಾರ್ಷಲ್ ಓದಿನ ಖರ್ಚಿಗಾಗಿ ರಾತ್ರಿ ಗೋರಿಗಳನ್ನು ಅಗೆದು ಶವಗಳನ್ನು ಸಾಗಿಸುತ್ತಾನೆ. ಅವನ ಸಹಪಾಠಿಯಾಗಿ ಬರುವವರು ಚರಿತ್ರೆಯ ವ್ಯಕ್ತಿಯೇ ಆದ ಆಲಿವರ್ ವೆಂಡೆಲ್ ಹೋಮ್ಸ್.

ಹೋಮ್ಸ್ ಅವರು ಬಾಣಂತಿ ಜ್ವರ ವೈದ್ಯರ ಕೈಗಳಿಂದಲೇ ಹರಡುತ್ತದೆಂದು ವಾದಿಸಿದ ಪ್ರಬಂಧವನ್ನು ಪ್ರಕಟಿಸಿದ್ದು 1843ರಲ್ಲಿ. ವಿಯೆನ್ನಾದಲ್ಲಿ ಸೆಮ್ಮೆಲ್ವೈಸ್ ಕ್ಲೋರಿನ್ ದ್ರಾವಣದಲ್ಲಿ ಕೈತೊಳೆಯುವ ನಿಯಮ ತಂದದ್ದು 1847ರಲ್ಲಿ. ಶವವನ್ನು ಛೇದಿಸಿದ ಕೈಯನ್ನೇ ತೊಳೆಯದೆ ಹೆರಿಗೆ ಮಾಡಿಸುತ್ತಿದ್ದ ವೈದ್ಯರು ಸಾವನ್ನು ಹಾಸಿಗೆಯಿಂದ ಹಾಸಿಗೆಗೆ ಒಯ್ಯುತ್ತಿದ್ದರು. ಹೋಮ್ಸ್ ಅವರ ವಾದವನ್ನು ಫಿಲಡೆಲ್ಫಿಯಾದ ಪ್ರಸಿದ್ಧ ಪ್ರಸೂತಿ ತಜ್ಞ ಚಾರ್ಲ್ಸ್ ಮೀಗ್ಸ್ ಅಲ್ಲಗಳೆದರು. ವೈದ್ಯರು ಸಭ್ಯರು, ಸಭ್ಯರ ಕೈ ಹೊಲಸಾಗಿರಲಾರದು ಎಂಬುದು ಅವರ ನಿಲುವಿನ ತಿರುಳು. ಹೋಮ್ಸ್ ಅವರ ಅರಿವಿನ ಬೀಜ ತನ್ನ ಕಥಾಕಾಲದ ಅನುಭವಗಳಲ್ಲಿ ಬಿತ್ತೆಂದು ಕಾದಂಬರಿ ಕಲ್ಪಿಸುತ್ತದೆ.

ಈ ಕೃತಿಯಲ್ಲಿಯೂ ಸರಣಿ ಕೊಲೆಗಾರನಿದ್ದಾನೆ. ಆದರೆ ಅವನು ಕೊಂದವರಿಗಿಂತ ಸಭ್ಯ ವೈದ್ಯರ ತೊಳೆಯದ ಕೈಗಳು ಕೊಂದವರ ಸಂಖ್ಯೆ ದೊಡ್ಡದು. 'ಹಾರ್ವೆಸ್ಟ್' ತಪ್ಪಿಸಿಕೊಂಡ ಕಷ್ಟವನ್ನು ಲೇಖಕಿ ಇಲ್ಲಿ ಎದುರಿಸಿದ್ದಾರೆ. ಕೆಡುಕು ದುರುದ್ದೇಶದಿಂದಲೇ ಬರಬೇಕಾಗಿಲ್ಲ, ಪ್ರತಿಷ್ಠೆಯ ಕುರುಡಿನಿಂದಲೂ ಬರುತ್ತದೆ. ಮ್ಯಾಸಚೂಸೆಟ್ಸ್ ರಾಜ್ಯ 1831ರಲ್ಲಿ ಅಂಗರಚನಾ ಕಾನೂನನ್ನು ತಂದು ವಾರಸುದಾರರಿಲ್ಲದ ಬಡವರ ಶವಗಳನ್ನು ವೈದ್ಯಶಾಲೆಗಳಿಗೆ ಒದಗಿಸಿತು. ಅದರ ಹಿಂದಿನ ವರ್ಷವನ್ನು ಕಾದಂಬರಿ ಆಯ್ದುಕೊಂಡದ್ದು ಅರ್ಥಪೂರ್ಣ. ವೈದ್ಯವಿಜ್ಞಾನ ಕಲಿತದ್ದು ಬಡವರ ಶವಗಳಿಂದ, ತಪ್ಪಿದ್ದು ಬಡ ಬಾಣಂತಿಯರ ಮೇಲೆ, ಅದರ ಫಲ ಸಂದದ್ದು ಮುಂದಿನ ತಲೆಮಾರಿನ ಎಲ್ಲರಿಗೆ. ಗೋರಿ ಅಗೆಯುವ ನಾರಿಸ್ ಅಪರಾಧಿಯೂ ಹೌದು, ಮುಂದೆ ಗುಣಪಡಿಸಲಿರುವವನೂ ಹೌದು. ಈ ಎರಡನ್ನೂ ಒಂದೇ ಪಾತ್ರದಲ್ಲಿ ಹಿಡಿದಿಟ್ಟದ್ದರಿಂದ ಓದುಗನಿಗೆ ನಿರಾಳವಾಗುವ ಅವಕಾಶವಿಲ್ಲ. ಇಂದು ಚಿಕಿತ್ಸೆ ಪಡೆಯುವ ಪ್ರತಿಯೊಬ್ಬರೂ ಹೆಸರಿಲ್ಲದ ದೇಹಗಳಿಗೆ ಋಣಿಗಳು ಎಂಬ ಅರಿವಿನಲ್ಲಿ ಕೃತಿ ನಿಲ್ಲುತ್ತದೆ.

7

ತಮ್ಮ ಮೂಲವನ್ನು ಕುರಿತ ಮೌನವನ್ನು ಗೆರಿಟ್ಸನ್ ಮುರಿದದ್ದು 'ದ ಸೈಲೆಂಟ್ ಗರ್ಲ್' (2011) ಕೃತಿಯಲ್ಲಿ. ಬಾಸ್ಟನ್ನಿನ ಚೀನೀ ಬಡಾವಣೆಯಲ್ಲಿ ನಡೆಯುವ ಈ ಕಥೆಯಲ್ಲಿ ಚೀನೀ ಪುರಾಣದ ವಾನರರಾಜನ ನೆರಳಿದೆ. ತಾಯಿಯಿಂದ ಕೇಳಿದ ಕಥೆಗಳ ಲೋಕ ಇಲ್ಲಿ ಮೊದಲ ಬಾರಿಗೆ ಕಾದಂಬರಿಯ ನಡುಮನೆಗೆ ಬಂದಿತು. ಆ ಹೊತ್ತಿಗೆ ಅವರಿಗೆ ಐವತ್ತೆಂಟು ವರ್ಷ, ಜನಪ್ರಿಯತೆ ಭದ್ರವಾಗಿತ್ತು. ಮಾರುಕಟ್ಟೆಯ ಭಯ ಲೇಖಕರ ಕಲ್ಪನೆಗೆ ಎಷ್ಟು ಕಾಲ ಬೇಲಿ ಹಾಕಬಲ್ಲದೆಂಬುದಕ್ಕೆ ಈ ವಿಳಂಬವೇ ಸಾಕ್ಷಿ. ಮುಂದೆ 'ದ ಸ್ಪೈ ಕೋಸ್ಟ್' (2023) ಕೃತಿಯಿಂದ ಅವರು ಮೇನ್ ರಾಜ್ಯದ ನಿವೃತ್ತ ಗೂಢಚಾರರ ಹೊಸ ಸರಣಿಯನ್ನು ಆರಂಭಿಸಿದರು. ಅಲ್ಲಿಗೆ ವೈದ್ಯಕೀಯ ವಸ್ತು ಹಿಂದೆ ಸರಿಯಿತು.

ಗೆರಿಟ್ಸನ್ ಅವರ ಗದ್ಯ ಅಲಂಕಾರವನ್ನು ಬೇಡುವುದಿಲ್ಲ. ರೋಗಿಯ ನಾಡಿ, ರಕ್ತದೊತ್ತಡ, ಹೊಲಿಗೆಯ ದಾರ ಇವುಗಳ ವಿವರವನ್ನು ಪ್ರಕರಣ ಪತ್ರದ ಮಿತಭಾಷೆಯಲ್ಲಿ ಬರೆದು, ಆ ಮಿತಿಯಿಂದಲೇ ಉದ್ವೇಗ ಹುಟ್ಟಿಸುವುದು ಅವರ ರೀತಿ. ಪಾತ್ರಗಳ ಅಂತರಂಗ ಹಲವೆಡೆ ತೆಳುವಾಗುತ್ತದೆ, ಅಂತ್ಯಗಳು ಅವಸರದವು, ಖಳರು ಅಗತ್ಯಕ್ಕಿಂತ ಪರಿಪೂರ್ಣರು. ಈ ದೋಷಗಳನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಚಿಕಿತ್ಸೆಯೆಂಬುದು ಕೊಡುವವರ ಔದಾರ್ಯ ಮಾತ್ರವಲ್ಲ, ಅದರ ಹಿಂದೆ ಬೆಲೆ ತೆತ್ತ ಇನ್ನೊಂದು ದೇಹವಿರಬಹುದು ಎಂಬ ಮಾತನ್ನು ರೈಲು ನಿಲ್ದಾಣದ ಅಂಗಡಿಯಲ್ಲಿ ಮಾರಾಟವಾಗುವ ಪುಸ್ತಕದ ಮೂಲಕ ಲಕ್ಷಾಂತರ ಓದುಗರಿಗೆ ಮುಟ್ಟಿಸಿದ್ದು ಸಣ್ಣ ಸಾಧನೆಯಲ್ಲ. 'ಹಾರ್ವೆಸ್ಟ್' ಕೃತಿಯ ಹಡಗಿನ ಮಕ್ಕಳಿಂದ 'ದ ಬೋನ್ ಗಾರ್ಡನ್' ಕೃತಿಯ ಬಾಣಂತಿಯರವರೆಗಿನ ಹನ್ನೊಂದು ವರ್ಷಗಳಲ್ಲಿ ಲೇಖಕಿ ಖಳನನ್ನು ಹುಡುಕುವುದರಿಂದ ಕಾರಣವನ್ನು ಹುಡುಕುವುದರತ್ತ ಸಾಗಿದರು. ಪತ್ತೇದಾರಿಯ ಕುತೂಹಲವು ವೈದ್ಯರ ವಿವೇಕವಾಗಿ ಬದಲಾದ ಈ ದಾರಿಯಲ್ಲಿಯೇ ಅವರ ಬರೆಹದ ಬಾಳುವ ಅಂಶವಿದೆ.